ಕಡೆಚಲಿನ ಎದುರಿನ ಗೋಣಿತಟ್ಟು

“ಗುರುಗಳೇ, ಮನುಷ್ಯ ಒಬ್ಬನೇ ಇದ್ದರೆ ಸಾಧನೆ ಚೆನ್ನಾಗಿ ಸಾಗುತ್ತದಲ್ಲವೇ?” ಎಂದು ಶಿಷ್ಯ ಕೇಳಿದ.

ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಮಠದಲ್ಲಿ ಈ ಶಿಷ್ಯನೂ ಮರುಳಯ್ಯ ಎಂಬ ಇನ್ನೊಬ್ಬ ಶಿಷ್ಯನೂ ಒಂದೇ ಕೋಣೆಯಲ್ಲಿ ಇದ್ದರು. ಮರುಳಯ್ಯ ಕೆಟ್ಟವನಲ್ಲ. ಆದರೆ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ.

“ನಾನು ಜಪಕ್ಕೆ ಕೂತರೆ ಅವನು ಗುನುಗುತ್ತಾನೆ. ಓದಲು ಕೂತರೆ ಮಧ್ಯೆ ಬಾಯಿ ಹಾಕುತ್ತಾನೆ. ನಿನ್ನೆ ನನ್ನ ಚೊಂಬನ್ನು ಬಾಯಿಗೆ ಕಚ್ಚಿಕೊಂಡೇ ನೀರು ಕುಡಿದ. ಕೇಳಿದರೆ, ‘ಚೊಂಬಿಗೇನು ಗೊತ್ತು ಯಾರ ಬಾಯಿ ಅಂತ?’ ಅನ್ನುತ್ತಾನೆ. ಗುಡ್ಡದ ಮೇಲಿನ ಗುಡಿಸಲು ಖಾಲಿ ಇದೆ. ಅಪ್ಪಣೆಯಾದರೆ ಅಲ್ಲಿಗೆ ಹೋಗುತ್ತೇನೆ. ಅಡುಗೆ, ನೀರು, ಬಟ್ಟೆ ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಯಾರ ಹಂಗೂ ಬೇಡ. ಒಂದು ಚಾಪೆ ಕೊಡಿಸಿದರೆ ಸಾಕು.”

“ಕೊಡಿಸೋಣ” ಎಂದರು ಗುರುಗಳು. “ಅದಕ್ಕೆ ಮೊದಲು ಒಂದು ಕತೆ ಕೇಳು.”

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಮರ ಕಡೆಯುವವನಿದ್ದ. ಅವನು ಮಾಡುತ್ತಿದ್ದದ್ದು ಚುಂಗಾಣಿ. ಚುಂಗಾಣಿ ಎಂದರೆ ಹೊಗೆಸೊಪ್ಪು ತುಂಬಿ ಸೇದುವ ಸಾಧನ. ನೀನು ಸೇದುವವನಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಅದಕ್ಕೆ ಒಂದು ತಲೆ, ಒಂದು ಕತ್ತು. ಸೊಪ್ಪು ತುಂಬಲು ತಲೆಗೆ ಮೇಲಿನಿಂದ ಒಂದು ತೂತು. ಹೊಗೆ ಎಳೆಯಲು ಕತ್ತಿಗೆ ಪಕ್ಕದಿಂದ ಒಂದು ತೂತು. ಈ ಎರಡು ತೂತುಗಳೂ ಮರದ ಒಳಗೆ, ಕಣ್ಣಿಗೆ ಕಾಣದ ಕಡೆ, ಒಂದನ್ನೊಂದು ಸರಿಯಾಗಿ ಕೂಡಬೇಕು. ಕೂಡದಿದ್ದರೆ ಅದು ಚುಂಗಾಣಿಯಲ್ಲ, ಬರಿಯ ಮರದ ತುಂಡು.

ಅವನ ಮನೆಯ ಜಗಲಿಯಲ್ಲಿ ಕಡೆಚಲು ಇತ್ತು. ಎರಡು ಗೂಟಗಳ ನಡುವೆ ಮರದ ತುಂಡನ್ನು ಸಿಕ್ಕಿಸುತ್ತಾರೆ. ಅದಕ್ಕೆ ಹಗ್ಗ ಸುತ್ತುತ್ತಾರೆ. ಹಗ್ಗವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಎಳೆದರೆ ಮರ ತಿರುಗುತ್ತದೆ. ತಿರುಗುವ ಮರಕ್ಕೆ ಉಳಿ ಕೊಟ್ಟರೆ ಅದು ದುಂಡಗಾಗುತ್ತದೆ. ಕಡೆಚಲು ಎಂದರೆ ಇಷ್ಟೇ. ಆದರೆ ಉಳಿ ಹಿಡಿದ ಕೈ ಹಗ್ಗ ಎಳೆಯಲಾರದು. ಆದ್ದರಿಂದ ಅದು ಇಬ್ಬರ ಕೆಲಸ.

ಇವನಿಗೆ ಹಗ್ಗ ಎಳೆಯುವವನೊಬ್ಬನಿದ್ದ. ಅವನು ಕಡೆಚಲಿನ ಎದುರು ಒಂದು ಗೋಣಿತಟ್ಟು ಹಾಸಿಕೊಂಡು ಕೂರುತ್ತಿದ್ದ. ಕಡೆಯುವವನು ‘ಎಳಿ’ ಅಂದರೆ ಎಳೆಯುತ್ತಿದ್ದ. ‘ನಿಲ್ಸು’ ಅಂದರೆ ನಿಲ್ಲಿಸುತ್ತಿದ್ದ. ಮರ ದುಂಡಗಾದ ಮೇಲೆ ತೂತು ಕೊರೆಯುವ ಕೆಲಸ. ಕೊರೆಯುವ ಬೈರಿಗೆಗೆ ಕಡೆಯುವವನ ಎರಡು ಕೈಯೂ ಬೇಕು. ಹಾಗಾದರೆ ಮರವನ್ನು ಹಿಡಿಯುವವರು ಯಾರು? ಎಳೆಯುವವನೇ. ಅವನು ಚುಂಗಾಣಿಯ ತಲೆಯನ್ನು ತನ್ನ ಅಂಗೈಗಳ ನಡುವೆ ಇಟ್ಟು, ನಾಲ್ಕು ಬೆರಳು ಸುತ್ತ ಬಿಗಿದು, ಹೆಬ್ಬೆರಳನ್ನು ಮೇಲೆ ಒತ್ತಿ ಹಿಡಿಯುತ್ತಿದ್ದ. ಕೆಲಸ ಹೀಗೆ ವರ್ಷಗಟ್ಟಲೆ ನಡೆಯಿತು.

ಎಳೆಯುವವನಲ್ಲಿ ದೋಷಗಳಿದ್ದವು. ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಅವನು ಮಾತಾಡುತ್ತಿದ್ದ. ಎಳೆಯುವಾಗಲೂ ಮಾತು, ಹಿಡಿಯುವಾಗಲೂ ಮಾತು. ತನ್ನ ಮಾತಿಗೆ ತಾನೇ ನಗುತ್ತಿದ್ದ, ನಕ್ಕಾಗ ಕೈ ಅಲುಗುತ್ತಿತ್ತು. ಒಮ್ಮೆ ಹಾಗೆ ಅಲುಗಿ ಬೈರಿಗೆ ಜಾರಿ ಅವನ ಅಂಗೈಗೇ ಇಳಿಯಿತು. ಕಡೆಯುವವನು ಚುಂಗಾಣಿಯನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದು ನೋಡಿದ. ಎಳೆಯುವವನು ಪಂಚೆಯ ಅಂಚಿನಿಂದ ಅಂಗೈ ಒತ್ತಿಕೊಂಡು ಕೇಳಿದ:

“ಮರಕ್ಕೇನೂ ಆಗ್ಲಿಲ್ವಲ್ಲ ಅಣ್ಣಾ?”

ಕಡೆಯುವವನಿಗೆ ಆ ಮಾತು ಹಿಡಿಸಲಿಲ್ಲ.

ಇನ್ನೊಂದು ದೋಷವಿತ್ತು. ಕತೆಗೆ ಇದೇ ಮುಖ್ಯ, ಆದ್ದರಿಂದ ಗಮನವಿಟ್ಟು ಕೇಳು. ಕಡೆಯುವವನು ಹೊಗೆಸೊಪ್ಪು ಮುಟ್ಟುವವನಲ್ಲ. ಬಂದ ಗಿರಾಕಿಗೆ ಕೊಡಲೆಂದು ಮಾತ್ರ ಒಂದು ಡಬ್ಬಿಯಲ್ಲಿ ಇಟ್ಟಿರುತ್ತಿದ್ದ. ಎಳೆಯುವವನಿಗೆ ಅದರ ಚಪಲ. ಚುಂಗಾಣಿ ಸಿದ್ಧವಾದ ಮೇಲೆ ಕಡೆಯುವವನು ಕೈ ತೊಳೆಯಲು ಹಿತ್ತಲಿಗೆ ಹೋಗುತ್ತಿದ್ದನಲ್ಲ, ಆಗ ಇವನು ಡಬ್ಬಿಯಿಂದ ಒಂದು ಚಿಟಿಕೆ ತೆಗೆದು, ಹೊಸ ಚುಂಗಾಣಿಗೇ ಹಾಕಿ, ಕೆಂಡ ಮುಟ್ಟಿಸಿ, ಒಂದು ದಮ್ಮು ಎಳೆದು ಬೂದಿ ಕೊಡವಿ ಇಟ್ಟುಬಿಡುತ್ತಿದ್ದ. ಪ್ರತಿಯೊಂದು ಚುಂಗಾಣಿಯಲ್ಲೂ ಹೀಗೆಯೇ. ಕಡೆಯುವವನು ಹಿಂದಿರುಗುವಾಗ ಜಗಲಿಯಲ್ಲಿ ಹೊಗೆಯ ವಾಸನೆ ಇರುತ್ತಿತ್ತು. ಗಿರಾಕಿಗಳು ಕೂತು ಸೇದುವ ಜಗಲಿಯಲ್ಲಿ ಅದನ್ನು ಯಾರು ಗಮನಿಸುತ್ತಾರೆ?

ಒಂದು ದಿನ ಪಕ್ಕದ ಊರಿನ ಪಟೇಲನಿಗೆ ಬೀಟೆಯ ಚುಂಗಾಣಿ ಕೊಡಲು ಕಡೆಯುವವನು ಹೋದ. ಪಟೇಲ ಅದನ್ನು ತಿರುಗಿಸಿ ನೋಡಿದ. ತಲೆಯೊಳಕ್ಕೆ ಕಿರುಬೆರಳು ಹಾಕಿ ಹೊರಗೆ ತೆಗೆದ. ಬೆರಳ ತುದಿಗೆ ಮಸಿ ಹತ್ತಿತ್ತು. ಅವನು ಬೆರಳನ್ನು ಎಲ್ಲರಿಗೂ ತೋರಿಸಿ, “ಏನಯ್ಯಾ, ನಮಗೆ ಯಾರ ಎಂಜಲು ತಂದೆ?” ಅಂದ. ಸುತ್ತ ಇದ್ದವರು ನಕ್ಕರು. ಕಡೆಯುವವನು ತಲೆ ತಗ್ಗಿಸಿಕೊಂಡು ಚುಂಗಾಣಿಯನ್ನು ಹಿಂದಕ್ಕೆ ತಂದ.

“ಇದರಲ್ಲಿ ಸೇದಿದ್ಯಾ?” ಎಂದು ಎಳೆಯುವವನನ್ನು ಕೇಳಿದ.

“ಒಂದೇ ಒಂದು ದಮ್ಮು ಅಣ್ಣಾ.”

“ಊರೂರಿಗೆಲ್ಲ ನಿನ್ನ ಎಂಜಲು ಮಾರ್ಕೊಂಡು ಬಂದಿದ್ದೀನಲ್ಲೋ ನಾನು!”

“ಇಷ್ಟು ವರ್ಷ ಅದರಿಂದ ಯಾರೂ ಸತ್ತಿಲ್ವಲ್ಲ ಬಿಡಣ್ಣ.”

“ನಾಳೆಯಿಂದ ಬರಬೇಡ.”

ಎಳೆಯುವವನು ನಕ್ಕ. ಎದುರಿನವನು ನಗಲಿಲ್ಲ. ಆಗ ಅವನು ಎದ್ದು ಪಂಚೆ ಕೊಡವಿಕೊಂಡ. ಗೋಣಿತಟ್ಟನ್ನು ಮಡಿಸಲು ಬಗ್ಗಿದವನು ಹಾಗೆಯೇ ಬಿಟ್ಟ.

“ಇದು ಇಲ್ಲೇ ಇರ್ಲಿ ಅಣ್ಣಾ. ನಿನ್ನ ಕೋಪ ಇಳಿದ ಮೇಲೆ ಕೂತ್ಕೊಳ್ಳೋಕೆ ಬೇಕಾಗುತ್ತೆ” ಅಂದು ಹೋದ.

ಮಾರನೆಯ ದಿನ ಕಡೆಯುವವನು ಕಡೆಚಲಿನ ಮುಂದೆ ಕೂತ. ಉಳಿ ಕೈಗೆತ್ತಿಕೊಂಡ. ಮರ ತಿರುಗಲಿಲ್ಲ. ತಿರುಗಿಸುವವನು ಇರಲಿಲ್ಲವಲ್ಲ. ಅವನ ಮುಂದೆ ಎರಡೇ ದಾರಿ ಇದ್ದವು. ಹೋಗಿ ಅವನನ್ನು ಕರೆಯಬೇಕು, ಇಲ್ಲವೇ ಅವನು ಬೇಕಾಗದ ಹಾಗೆ ಮಾಡಿಕೊಳ್ಳಬೇಕು. ಪಟೇಲನ ಮಸಿ ಹತ್ತಿದ ಬೆರಳು ಅವನಿಗೆ ನೆನಪಾಯಿತು. ಅವನು ಎರಡನೆಯ ದಾರಿಯನ್ನೇ ಹಿಡಿದ.

ಮೊದಲು ಹಗ್ಗದ ಕೆಲಸ. ಒಂದು ಹಸಿ ಬಿದಿರನ್ನು ತಂದು ಜಗಲಿಯ ತೊಲೆಗೆ ಕಟ್ಟಿದ. ಅದರ ತುದಿಯಿಂದ ಹಗ್ಗ ಇಳಿಬಿಟ್ಟು, ಮರಕ್ಕೆ ಒಂದು ಸುತ್ತು ಹಾಕಿ, ಕೆಳಗೆ ಒಂದು ಹಲಗೆಗೆ ಕಟ್ಟಿದ. ಕಾಲಿನಿಂದ ಹಲಗೆ ತುಳಿದರೆ ಮರ ಈ ಕಡೆ ತಿರುಗುತ್ತದೆ. ಕಾಲು ಎತ್ತಿದರೆ ಬಾಗಿದ ಬಿದಿರು ಮೇಲಕ್ಕೆ ಸೆಳೆದು ಮರ ಆ ಕಡೆ ತಿರುಗುತ್ತದೆ. ಬಿದಿರು ಮಾತಾಡುವುದಿಲ್ಲ, ನಗುವುದಿಲ್ಲ. ತುಳಿಯುವ ಹಲಗೆ ಉದ್ದವಾಗಿತ್ತು. ಅದರ ಇನ್ನೊಂದು ತುದಿಯನ್ನು ಎದುರಿನ ನೆಲಕ್ಕೆ ಗೂಟ ಹೊಡೆದು ಕೂರಿಸಬೇಕಿತ್ತು. ಅಲ್ಲಿ ಗೋಣಿತಟ್ಟು ಇತ್ತು. ಅದನ್ನು ಸುತ್ತಿ ಮೂಲೆಗೆ ಇಟ್ಟ.

ಆಮೇಲೆ ಹಿಡಿಯುವ ಕೆಲಸ. ಅದು ಸುಲಭವಾಗಿರಲಿಲ್ಲ. ಎರಡು ಗೂಟಗಳ ನಡುವೆ ಸಿಕ್ಕಿಸಿದ ಮರಕ್ಕೆ ತೂತು ಕೊರೆಯಲಾಗುವುದಿಲ್ಲ. ಕೊರೆಯಬೇಕಾದ ಕಡೆಯಲ್ಲೇ ಗೂಟ ಅಡ್ಡ ಇರುತ್ತದೆ. ಮರವನ್ನು ಒಂದೇ ತುದಿಯಲ್ಲಿ ಕಚ್ಚಿ ಹಿಡಿದು, ಇನ್ನೊಂದು ತುದಿಯನ್ನು ತೆರವಾಗಿಡುವ ಏನಾದರೂ ಬೇಕಿತ್ತು. ಅವನು ಒಂದು ಮರದ ಗುಂಡನ್ನು ಬಟ್ಟಲಿನ ಹಾಗೆ ತೋಡಿ, ತಿರುಗುವ ಹಾಗೆ ಒಂದು ಗೂಟಕ್ಕೆ ಸಿಕ್ಕಿಸಿ, ಅದರೊಳಗೆ ಚುಂಗಾಣಿಯ ತಲೆಯನ್ನು ಒತ್ತಿ ಕೂರಿಸಿದ. ತಿರುಗಿತು. ಬೈರಿಗೆ ಒತ್ತಿದೊಡನೆ ಜಾರಿತು. ಒದ್ದೆ ಬಟ್ಟೆ ಸುತ್ತಿ ಕೂರಿಸಿದ. ಹಿಡಿಯಿತು, ಆದರೆ ಬಟ್ಟೆ ಒಣಗುತ್ತಿದ್ದಂತೆ ಸಡಿಲವಾಯಿತು. ಅರಗು ಕರಗಿಸಿ ಅಂಟಿಸಿದ. ಗಟ್ಟಿಯಾಗಿ ಹಿಡಿಯಿತು. ಕೊರೆಯುವ ಬಿಸಿಗೆ ಅರಗು ಮೆತ್ತಗಾಗಿ ಮರ ಹಾರಿಬಂದು ಅವನ ಹುಬ್ಬಿಗೆ ಬಡಿಯಿತು. ‘ಅಯ್ಯೋ’ ಅಂದ. ಏನಾಯಿತು ಎಂದು ಕೇಳುವವರು ಯಾರೂ ಇರಲಿಲ್ಲ. ಆದ್ದರಿಂದ ಎರಡನೆಯ ಸಲ ‘ಅಯ್ಯೋ’ ಅನ್ನಲಿಲ್ಲ.

ಕೊನೆಗೆ ದಾರಿ ಸಿಕ್ಕಿತು. ಬಟ್ಟಲಿನ ಬಾಯಿಯನ್ನು ಗರಗಸದಿಂದ ನಾಲ್ಕು ಕಡೆ ಸೀಳಿದ. ನಾಲ್ಕು ಎಸಳುಗಳಾದವು. ಹೊರಗಿನಿಂದ ಒಂದು ಕಬ್ಬಿಣದ ಬಳೆ ತೊಡಿಸಿ ಕೊಡತಿಯಿಂದ ತಟ್ಟಿದ. ಬಳೆ ಮುಂದೆ ಸರಿದಂತೆ ಎಸಳುಗಳು ಮುಚ್ಚಿಕೊಂಡು ಮರವನ್ನು ಬಿಗಿದವು. ಕತ್ತಿನ ತೂತಿಗೆ ಇನ್ನೊಂದು ಬಟ್ಟಲು ಮಾಡಿದ. ಅದಕ್ಕೆ ಎರಡು ಕೆನ್ನೆಗಳು. ತಲೆಯನ್ನು ಅವುಗಳ ನಡುವೆ ಅಡ್ಡ ಮಲಗಿಸಿ, ಮೇಲಿನಿಂದ ಬೆಣೆ ಬಡಿದರೆ ಅದು ಅಲುಗುವುದಿಲ್ಲ. ಸುತ್ತ ನಾಲ್ಕು ಬೆರಳು, ಮೇಲೆ ಒತ್ತಿದ ಒಂದು ಹೆಬ್ಬೆರಳು. ತಾನು ಯಾರ ಕೈಯನ್ನು ನೆನೆದು ಇದನ್ನು ಮಾಡುತ್ತಿದ್ದೇನೆ ಎಂದು ಅವನಿಗೆ ಹೊಳೆಯಲಿಲ್ಲ.

ಒಂದು ಕೊರತೆ ಉಳಿಯಿತು. ಬರಿಯ ಎಸಳು ಬಿಗಿದರೆ ನುಣುಪಾದ ಮರದ ಮೇಲೆ ಗುರುತು ಬೀಳುತ್ತಿತ್ತು. ಒಳಗೆ ಮೆತ್ತಗಿನದೇನನ್ನಾದರೂ ಹಚ್ಚಬೇಕು. ತೊಗಲು ಜಾರಿತು. ಹೊಸ ಗೋಣಿ ಗೀರಿತು. ಆಗ ಮೂಲೆಯಲ್ಲಿದ್ದ ಗೋಣಿತಟ್ಟು ಕಣ್ಣಿಗೆ ಬಿತ್ತು. ವರ್ಷಗಟ್ಟಲೆ ಒಬ್ಬ ಮನುಷ್ಯ ಕೂತು ಅದು ಮೆತ್ತಗಾಗಿತ್ತು, ಆದರೂ ನೂಲಿನ ಹಿಡಿತ ಹೋಗಿರಲಿಲ್ಲ. ಅಂಚಿನಿಂದ ಒಂದು ಚೂರು ಕತ್ತರಿಸಿ ಹಚ್ಚಿದ. ಹೇಳಿ ಮಾಡಿಸಿದ ಹಾಗಿತ್ತು. ಗುರುತಿಲ್ಲ, ಜಾರಿಕೆಯಿಲ್ಲ. ಚುಂಗಾಣಿಯ ಒಂದೊಂದು ಅಳತೆಗೂ ಒಂದೊಂದು ಬಟ್ಟಲು ಬೇಕು. ಬಟ್ಟಲುಗಳು ಹೆಚ್ಚಿದಂತೆ ಗೋಣಿತಟ್ಟು ಕಡಿಮೆಯಾಯಿತು. ಒಂದು ದಿನ ಅದು ಮುಗಿಯಿತು. ಬಟ್ಟಲುಗಳು ಗೋಡೆಯ ಹಲಗೆಯ ಮೇಲೆ ಬಾಯಿ ತೆರೆದುಕೊಂಡು ಸಾಲಾಗಿ ಕೂತವು.

ಈಗ ಅವನಿಗೆ ಯಾರೂ ಬೇಕಿರಲಿಲ್ಲ. ಇದನ್ನು ನೀನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಅವನು ಸೋಲಲಿಲ್ಲ, ಗೆದ್ದ. ತೂತುಗಳು ಕೂದಲಷ್ಟೂ ಓರೆಯಾಗದೆ ಕೂಡುತ್ತಿದ್ದವು. ಒಳಗೆ ಮಸಿ ಇಲ್ಲ. “ಯಾರ ಬಾಯೂ ಸೋಕಿಲ್ಲ, ನೋಡಿಕೊಳ್ಳಿ” ಎಂದು ಗಿರಾಕಿಗೆ ಎದೆ ತಟ್ಟಿ ಹೇಳುತ್ತಿದ್ದ. ಹಿಡಿತ ಬಿಡಿಸಿ ಚುಂಗಾಣಿಯನ್ನು ಹೊರಗೆ ತೆಗೆದಾಗ ಅದು ಅಷ್ಟು ಚೆನ್ನಾಗಿರುತ್ತಿತ್ತು ಎಂದರೆ, ಅವನು ತಲೆಯೆತ್ತಿ ಎದುರಿಗೆ ನೋಡುತ್ತಿದ್ದ. ಎದುರಿಗೆ ಹಲಗೆಯ ಗೂಟ ಇರುತ್ತಿತ್ತು. ಕೆಲವು ಸಲ ‘ನಿಲ್ಸು’ ಎಂದು ಬಾಯಿಂದ ಬಂದುಬಿಡುತ್ತಿತ್ತು. ತನ್ನ ಕಾಲನ್ನೇ ತಾನು ನಿಲ್ಲಿಸಲು ಯಾರಿಗೆ ಹೇಳಬೇಕು? ಅವನಿಗೆ ನಾಚಿಕೆಯಾಗುತ್ತಿತ್ತು. ಆಮೇಲೆ ಆ ಮಾತೂ ಬರುವುದು ನಿಂತಿತು.

ಆ ವರ್ಷ ಗಿರಾಕಿಗಳು ಹಿಂದಕ್ಕೆ ಬರತೊಡಗಿದರು. ಚುಂಗಾಣಿಗಳು ಒಡೆಯುತ್ತಿದ್ದವು. ಹೊರಗೆ ಅಂದ, ಒಳಗೆ ಸುಟ್ಟ ಬಿರುಕು. ಅವನು ಮರ ಬದಲಿಸಿದ. ಬಟ್ಟಲಿನ ಬಿಗಿ ಹೆಚ್ಚಾಯಿತೇನೋ ಎಂದು ಬಳೆ ಸಡಿಲಿಸಿದ. ಏನು ಮಾಡಿದರೂ ಒಡೆಯುವುದು ನಿಲ್ಲಲಿಲ್ಲ. ಗಿರಾಕಿಗಳು ಬೇರೆ ಊರಿನ ಕಡೆಯುವವನನ್ನು ಹುಡುಕಿಕೊಂಡರು. ಜಗಲಿಗೆ ಮನುಷ್ಯರು ಬರುವುದೇ ಅಪರೂಪವಾಯಿತು.

ಕೊನೆಗೆ ಒಬ್ಬ ಕುರಿ ಕಾಯುವವನು ಬಂದ. ಅವನ ಒಂದು ಕೈಯಲ್ಲಿ ಒಡೆದ ಹೊಸ ಚುಂಗಾಣಿ, ಇನ್ನೊಂದರಲ್ಲಿ ಬಹಳ ಹಳೆಯದೊಂದು.

“ಆಚಾರ್ರೇ, ಇವೆರಡೂ ನಿಮ್ಮವೇ. ಇದು ನಮ್ಮಪ್ಪ ಸೇದಿದ್ದು, ನಾನು ಸೇದಿದ್ದು, ಕುರಿ ತುಳಿದಿದ್ದು. ಏನೂ ಆಗಿಲ್ಲ. ಈ ನಿಮ್ಮ ಹೊಸ ಮದುವಣಗಿತ್ತಿ ಮೊದಲನೇ ಬೆಂಕಿಗೇ ಬಾಯಿ ಬಿಟ್ಟಳು.”

“ಎಷ್ಟು ಸೊಪ್ಪು ತುಂಬಿದ್ದೆ?”

“ಎಷ್ಟು ಅಂದ್ರೆ? ಹೊಸಾದಲ್ವಾ, ಆಸೆಗೆ ಮಟ್ಟಸ ತುಂಬಿ ಜೋರಾಗಿ ಎಳ್ದೆ. ಹಳೇದರಲ್ಲೂ ಹಂಗೇ ಮಾಡಿದ್ದು. ಆದ್ರೆ ನೀವು ಕೊಡುವಾಗ್ಲೇ ಅದರ ತಳ ಒಂಚೂರು ಕಪ್ಪಗಿತ್ತಂತೆ. ‘ಯಾರೋ ಸೇದಿದ್ದನ್ನ ನಮಗೆ ಹಾಕವ್ನೆ’ ಅಂತ ನಮ್ಮಪ್ಪ ನಿಮ್ಮನ್ನ ಬೈಯೋನು. ಕೋಪ ಮಾಡ್ಕೋಬೇಡಿ.”

ಕಡೆಯುವವನು ಕೋಪ ಮಾಡಿಕೊಳ್ಳಲಿಲ್ಲ. ಹಳೆಯ ಚುಂಗಾಣಿಯೊಳಗೆ ಬೆರಳು ಹಾಕಿ ನೋಡಿದ. ಕುರಿ ಕಾಯುವವನು ಹೋದ ಮೇಲೆ ಒಂದು ಹೊಸ ಚುಂಗಾಣಿಗೆ ಒಂದೇ ಒಂದು ಚಿಟಿಕೆ ಸೊಪ್ಪು ಹಾಕಿ, ಕೆಂಡ ಮುಟ್ಟಿಸಿ, ಜೀವನದಲ್ಲಿ ಮೊದಲ ಸಲ ಸೇದಿದ. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ. ಬೂದಿ ಕೊಡವಿ ನೋಡಿದರೆ ಒಳಗೆ ತೆಳುವಾದ ಕಪ್ಪು ಪದರ ಕೂತಿತ್ತು. ಆಮೇಲೆ ಅದಕ್ಕೆ ಮಟ್ಟಸ ತುಂಬಿ ಬೆಂಕಿ ಕೊಟ್ಟ. ಒಡೆಯಲಿಲ್ಲ.

ಸಂಗತಿ ಇಷ್ಟು. ಬೆಂಕಿ ಕಾಣದ ಮರ ಮೊದಲ ಸಲಕ್ಕೆ ದೊಡ್ಡ ಬೆಂಕಿ ತಾಳಲಾರದು. ಮೊದಲು ಸಣ್ಣ ಬೆಂಕಿ ಬೇಕು. ಅದರ ಮಸಿಯೇ ಮುಂದಿನ ದೊಡ್ಡ ಬೆಂಕಿಗೆ ತಡೆ. ಎಳೆಯುವವನು ಕದಿಯುತ್ತಿದ್ದದ್ದು ಒಂದು ಚಿಟಿಕೆ. ಸಿಕ್ಕಿಬೀಳುವ ಭಯಕ್ಕೆ ಒಂದೇ ಚಿಟಿಕೆ. ಕದ್ದದ್ದು ಸ್ವಲ್ಪವಾದ್ದರಿಂದ ಬೆಂಕಿಯೂ ಸ್ವಲ್ಪ. ಅವನ ಕಳ್ಳತನ ಇಷ್ಟು ವರ್ಷ ಇವನ ಹೆಸರನ್ನು ಉಳಿಸಿತ್ತು. ಅದು ಕದ್ದವನಿಗೂ ಗೊತ್ತಿರಲಿಲ್ಲ, ಕಳೆದುಕೊಂಡವನಿಗೂ ಗೊತ್ತಿರಲಿಲ್ಲ.

ಇದು ಹೊಳೆದಾಗ ಕಡೆಯುವವನಿಗೆ ನಗು ಬಂತು. ಜಗಲಿಯಲ್ಲಿ ಒಬ್ಬನೇ ಕೂತು ನಕ್ಕ. ನಗು ಅರ್ಧಕ್ಕೆ ನಿಂತಿತು. ಯಾಕೆಂದರೆ ಈ ಮಾತು ಹೇಳಿದರೆ ಅರ್ಥವಾಗಿ, ತೊಡೆ ತಟ್ಟಿಕೊಂಡು ನಗುವವನು ಪ್ರಪಂಚದಲ್ಲಿ ಒಬ್ಬನೇ ಇದ್ದ.

ಇಲ್ಲಿ ಒಂದು ಮಾತು. ಚುಂಗಾಣಿ ಸರಿಮಾಡಲು ಈಗಲೂ ಅವನಿಗೆ ಯಾರೂ ಬೇಕಿರಲಿಲ್ಲ. ಚಿಟಿಕೆ ಸೊಪ್ಪನ್ನು ಅವನೇ ಹಾಕಬಹುದು, ಅವನೇ ಕೆಮ್ಮಬಹುದು. ಕೆಲಸಕ್ಕಾಗಿ ಅವನು ಹೊರಡಲಿಲ್ಲ. ಆದರೂ ಹೊರಟ.

ಎಳೆಯುವವನು ಊರಾಚೆ ಒಂದು ಸೊಪ್ಪು-ತರಕಾರಿಯ ತೋಟದಲ್ಲಿ ಬಾವಿಯ ಹಗ್ಗ ಎಳೆಯುತ್ತಿದ್ದ. ಇವನನ್ನು ಕಂಡು ಕೊಡ ಕೆಳಗಿಟ್ಟ. ಅವನ ಅಂಗೈಯಲ್ಲಿ ಬೈರಿಗೆಯ ಗುರುತು ಹಾಗೆಯೇ ಇತ್ತು. ಕಡೆಯುವವನು ನಿಂತಲ್ಲೇ ನಡೆದದ್ದನ್ನೆಲ್ಲ ಹೇಳಿದ.

“ಸುಳ್ಳು ಯಾಕೆ ಹೇಳ್ಲಿ ಅಣ್ಣಾ” ಎಂದ ಎಳೆಯುವವನು. “ನಂಗೆ ಮರ ಗಿರ ಒಂದೂ ತಿಳೀತಿರ್ಲಿಲ್ಲ. ಚಪಲಕ್ಕೆ ಸೇದ್ದೆ. ಎರಡು ಚಿಟಿಕೆ ತೆಗೆದ್ರೆ ನಿಂಗೆ ಗೊತ್ತಾಗುತ್ತೆ ಅಂತ ಒಂದೇ ತೆಗೀತಿದ್ದೆ. ನಿನ್ನ ಕಣ್ಣು ಡಬ್ಬಿ ಮೇಲೇ ಇರ್ತಿತ್ತಲ್ಲ!”

ಇಬ್ಬರೂ ನಕ್ಕರು. ಬಾವಿಯ ಕಟ್ಟೆ ಹಿಡಿದುಕೊಂಡು ನಕ್ಕರು.

“ಬಾ, ಇನ್ನು ಬೇಕಾದಷ್ಟು ಸೇದು” ಎಂದ ಕಡೆಯುವವನು.

“ನಾನೀಗ ಸೇದಲ್ಲ ಅಣ್ಣಾ. ನೀನು ಎಂಜಲು ಅಂದ ದಿನಾನೇ ಬಿಟ್ಟೆ.”

“ಸೇದಬೇಡ. ಸುಮ್ನೆ ಬಂದು ಕೂತ್ಕೊ.”

ಎಳೆಯುವವನು ಸ್ವಲ್ಪ ಹೊತ್ತು ಬಾವಿಯೊಳಗೆ ನೋಡಿದ. ಅವನಿಗೂ ಬರುವ ಮನಸ್ಸಿತ್ತು. ಅದು ಅವನ ಮುಖದಲ್ಲೇ ಕಾಣುತ್ತಿತ್ತು.

“ನನ್ನ ಗೋಣಿತಟ್ಟು ಐತಾ ಅಣ್ಣಾ?” ಎಂದು ಕೇಳಿದ.

ಕಡೆಯುವವನು ಬಾಯಿ ತೆರೆದ. ಹೊಸದು ತರುತ್ತೇನೆ ಎನ್ನಬಹುದಿತ್ತು. ಗೋಣಿತಟ್ಟಿಗೆ ಯಾವ ಊರಿನಲ್ಲಿ ಬರ? ಆದರೆ ಎಳೆಯುವವನು ಕೇಳಿದ್ದು ಗೋಣಿಯನ್ನಲ್ಲ. ತಾನು ಹೋದ ಮೇಲೆ ತನ್ನ ಜಾಗ ಖಾಲಿ ಉಳಿದಿತ್ತೇ ಎಂದು ಕೇಳಿದ್ದ. ಕಡೆಯುವವನ ಕಣ್ಣ ಮುಂದೆ ಗೋಡೆಯ ಹಲಗೆಯ ಮೇಲಿನ ಬಟ್ಟಲುಗಳು ಬಂದವು. ಪ್ರತಿಯೊಂದರ ಬಾಯೊಳಗೂ ಒಂದು ಚೂರು ಗೋಣಿ. ಅವನಿಗೆ ಸುಳ್ಳು ಹೇಳಲಾಗಲಿಲ್ಲ, ನಿಜವನ್ನೂ ಹೇಳಲಾಗಲಿಲ್ಲ.

ಎಳೆಯುವವನು ಕಾದ. ಆಮೇಲೆ, “ಇರ್ಲಿ ಬಿಡಣ್ಣ. ಮಡಿಗೆ ನೀರು ಬಿಡ್ಬೇಕು” ಎಂದು ಕೊಡ ಎತ್ತಿ ಬಾವಿಗೆ ಇಳಿಸಿದ.

ಕಡೆಯುವವನು ಮನೆಗೆ ಬಂದ. ಅಂದಿನಿಂದ ಅವನ ಚುಂಗಾಣಿ ಒಂದೂ ಒಡೆಯಲಿಲ್ಲ. ಗಿರಾಕಿಗಳು ಮತ್ತೆ ಬಂದರು. ಪ್ರತಿಯೊಂದು ಚುಂಗಾಣಿ ಮುಗಿದಾಗಲೂ ಅವನು ಒಂದು ಚಿಟಿಕೆ ಹಾಕಿ ಒಬ್ಬನೇ ಸೇದಿ ಕೆಮ್ಮುತ್ತಿದ್ದ. ಹೊಗೆ ಎದುರಿನ ಗೂಟದ ಕಡೆಗೆ ಹೋಗುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

“ಆಮೇಲೆ ಅವನು ಬಂದನೇ?” ಎಂದು ಶಿಷ್ಯ ಕೇಳಿದ.

“ಕತೆ ಅಷ್ಟೇ ಅಪ್ಪಾ” ಎಂದರು ಗುರುಗಳು. ಎದ್ದು ಉಗ್ರಾಣದ ಬೀಗದ ಕೈ ತೆಗೆದುಕೊಂಡರು. ಕೋಣೆಯ ಕಡೆಯಿಂದ ಮರುಳಯ್ಯ ಗುನುಗುವುದು ಕೇಳಿಸುತ್ತಿತ್ತು. ಬಾಗಿಲ ಬಳಿ ನಿಂತು ಅವರು ತಿರುಗಿ ಕೇಳಿದರು:

“ಗುಡ್ಡದ ಗುಡಿಸಲಿಗೆ ಚಾಪೆ ಒಂದು ತೆಗೆಯಲೋ, ಎರಡೋ?”